ಹೊಸ ಮಕ್ಕಳ ಲೆಕ್ಕ ಎಲ್ಲಿ ನಿಂತಿದೆ? ಒಂದೇ ಹಾಳೆಯ ‘ಅಸರ್’ ಗಣಿತ ಪರೀಕ್ಷೆಯ ವಿಮರ್ಶೆ

ಜೂನ್ ಮೊದಲ ವಾರ 8ನೇ ತರಗತಿಗೆ ಬಂದು ಕೂರುವ ಮಕ್ಕಳ ಬಗ್ಗೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಕೈಯಲ್ಲಿ ಇರುವುದು ಒಂದು ಟಿ.ಸಿ., ಜೊತೆಗೆ 7ನೇ ತರಗತಿಯ ಗ್ರೇಡು. ನಾಲ್ಕೈದು ಊರಿನ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು ಒಂದೇ ಕೋಣೆಯಲ್ಲಿ ಸೇರಿರುತ್ತಾರೆ. ಒಂದು ಶಾಲೆಯ ‘ಬಿ ಪ್ಲಸ್’ ಇನ್ನೊಂದು ಶಾಲೆಯ ‘ಎ’ಗಿಂತ ಗಟ್ಟಿ ಇರಬಹುದು. ಕಾಗದದಲ್ಲಿ ‘ಎ’ ಇರುವ ಹುಡುಗನಿಗೆ ದಶಕ ತೆಗೆದುಕೊಂಡು (ಪಕ್ಕದ ಸ್ಥಾನದಿಂದ ಹತ್ತು ಸಾಲ ತಂದು) ಕಳೆಯಲು ಬರದೆಯೂ ಇರಬಹುದು. ಹೀಗಿರುವಾಗ ಮೊದಲ ವಾರದಲ್ಲೇ ಪ್ರತಿ ಮಗುವಿನ ಲೆಕ್ಕ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯಲು ಸಿಗುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ‘ಅಸರ್’ ಗಣಿತ ಹಾಳೆ. ಇಲ್ಲಿ ಮುಖ್ಯವಾಗಿ ಅದರ ವಿಮರ್ಶೆ ಇದೆ. ಪಕ್ಕದಲ್ಲಿಟ್ಟು ನೋಡಬೇಕಾದ ಬೇರೆ ಕೆಲವು ಸಾಮಗ್ರಿಗಳ ಮಾತೂ ಬರುತ್ತದೆ.

ಮೊದಲೇ ತೀರ್ಪು ಹೇಳಿಬಿಡುವುದಾದರೆ: 4ರಿಂದ 7ನೇ ತರಗತಿಗೆ 5ರಲ್ಲಿ 4 ಅಂಕ, 8ನೇ ತರಗತಿಗೆ ಎರಡೂವರೆ. 9ಕ್ಕೆ ಇದನ್ನು ಇಡೀ ತರಗತಿಗೆ ಹಿಡಿಯುವುದು ಸಮಯ ದಂಡ. ಕಡಿಮೆ ಅಂಕಕ್ಕೆ ಕಾರಣ ಹಾಳೆ ಕೆಟ್ಟದ್ದು ಎಂದಲ್ಲ. ಅದನ್ನು ಮಾಡಿದ ಉದ್ದೇಶವೇ ಬೇರೆ.

ಅಸರ್ ಸಮೀಕ್ಷೆ ಶುರುವಾದದ್ದು 2005ರಲ್ಲಿ. ಸ್ವಯಂಸೇವಕರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, 5ರಿಂದ 16 ವರ್ಷದ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಓದು ಮತ್ತು ಲೆಕ್ಕ ಎರಡನ್ನೂ ನೋಡುತ್ತಾರೆ. ಜಿಲ್ಲೆ, ರಾಜ್ಯಗಳ ಅಂದಾಜು ಸಿಗಬೇಕು, ತರಬೇತಿ ಪಡೆದ ಯಾವ ಪದವಿ ವಿದ್ಯಾರ್ಥಿಯಾದರೂ ಮಾಡುವಂತಿರಬೇಕು ಎಂಬ ಲೆಕ್ಕಾಚಾರದಲ್ಲಿ ಮಾಡಿದ ಹಾಳೆ ಇದು. 2024ರ ವರದಿಯಂತೆ ಗ್ರಾಮೀಣ ಭಾರತದ 8ನೇ ತರಗತಿಯ ಮಕ್ಕಳಲ್ಲಿ ಈ ಹಾಳೆಯ ಕೊನೆಯ ಮೆಟ್ಟಿಲಾದ ಭಾಗಾಕಾರ ಮಾಡಿದವರು 45.8%. ಅಂದರೆ ‘ಇಷ್ಟು ಸುಲಭದ್ದನ್ನು ಹೈಸ್ಕೂಲು ಮಕ್ಕಳಿಗೆ ಕೊಡುವುದೇ?’ ಎಂದು ಮೂಗು ಮುರಿಯುವಂತಿಲ್ಲ.

ಹಾಳೆ ಉಚಿತ. ಅಸರ್ ಜಾಲತಾಣದಲ್ಲಿ ಕನ್ನಡದ ಸಾಮಗ್ರಿಯೂ ಸಿಗುತ್ತದೆ. ಒಂದೇ ಮಟ್ಟದ ಬೇರೆ ಬೇರೆ ಮಾದರಿಗಳಿವೆ. ಒಂದನ್ನೇ ಮುದ್ರಿಸಿಕೊಂಡು ಕೂರಬೇಡಿ, ಕನಿಷ್ಠ ಎರಡು ಬೇಕು. ಮೊದಲು ಬಂದು ಹೋದ ಹುಡುಗ ಹೊರಗೆ ನಿಂತವರಿಗೆ ‘ಮೊದಲನೇದು ಇಪ್ಪತ್ತೆಂಟು ಕಣೋ’ ಎಂದು ಹೇಳಿರುತ್ತಾನೆ. ಎ4 ಅಳತೆಯಲ್ಲಿ ಮುದ್ರಿಸಿ ಲ್ಯಾಮಿನೇಶನ್ ಮಾಡಿಸಿದರೆ ಐದಾರು ವರ್ಷ ಬರುತ್ತದೆ. ಕುಗ್ಗಿಸಿ ಝೆರಾಕ್ಸ್ ಮಾಡಿಸುವುದು ಬೇಡ. ಅಂಕಿ ಸಣ್ಣದಾದರೆ ಕಣ್ಣಿನ ತೊಂದರೆ ಇರುವ ಮಗು ‘ಅಂಕಿ ಬಾರದ ಮಗು’ ಎಂದು ದಾಖಲಾಗುತ್ತದೆ.

ಹಾಳೆಯಲ್ಲಿ ಇರುವುದು ನಾಲ್ಕೇ ಕಂಬಸಾಲು. 1ರಿಂದ 9ರ ಅಂಕಿಗಳು, ಎರಡಂಕಿ ಸಂಖ್ಯೆಗಳು, ದಶಕ ತೆಗೆದುಕೊಂಡು ಮಾಡುವ ಎರಡಂಕಿ ಕಳೆಯುವ ಲೆಕ್ಕಗಳು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ, ಶೇಷ ಉಳಿಯುವ ಲೆಕ್ಕಗಳು. ಕಳೆಯುವುದು ಹೆಚ್ಚುಕಡಿಮೆ 2ನೇ ತರಗತಿಯ ಮಟ್ಟ, ಭಾಗಾಕಾರ 3–4ರದ್ದು.

ಕೇಳುವ ಕ್ರಮದಲ್ಲೇ ಇದರ ಜಾಣತನ ಇದೆ. 1ರಿಂದ 9ನ್ನು ಮೊದಲು ತೋರಿಸುವುದಿಲ್ಲ. ಶುರು ಮಾಡುವುದು ಕಳೆಯುವ ಲೆಕ್ಕದಿಂದ. ಎರಡು ಲೆಕ್ಕ. ಮೊದಲನೆಯದನ್ನು ಮಗುವೇ ಆರಿಸಿಕೊಳ್ಳುತ್ತದೆ, ಎರಡನೆಯದನ್ನು ನಾವು ತೋರಿಸುತ್ತೇವೆ. ಸಂಖ್ಯೆಗಳು ಯಾವುವು, ನಡುವಿನ ಚಿಹ್ನೆ ಏನು ಎಂದು ಮಗುವಿನ ಬಾಯಲ್ಲೇ ಹೇಳಿಸಿ, ಆಮೇಲೆ ಬಿಡಿ ಕಾಗದದಲ್ಲಿ ಬರೆದು ಮಾಡಲು ಹೇಳಬೇಕು. ಮೊದಲನೆಯದು ತಪ್ಪಾದರೂ ಎರಡನೆಯದನ್ನು ಕೊಡಬೇಕು. ಎರಡನೆಯದು ಸರಿಯಾದರೆ ಮೊದಲನೆಯದನ್ನು ಇನ್ನೊಮ್ಮೆ ಮಾಡಲು ಅವಕಾಶ ಉಂಟು. ಎರಡೂ ಸರಿಯಾದರೆ ಭಾಗಾಕಾರ, ಅಲ್ಲಿ ಒಂದು ಸರಿಯಾದರೆ ಸಾಕು. ಕೈತಪ್ಪಿನಿಂದ ಎಡವಿದರೆ ಅಲ್ಲೂ ಅದೇ ಲೆಕ್ಕಕ್ಕೆ ಮತ್ತೊಂದು ಅವಕಾಶ. ಕಳೆಯುವುದು ಬರದಿದ್ದರೆ ಮಾತ್ರ ಕೆಳಗೆ ಇಳಿದು ಎರಡಂಕಿ ಸಂಖ್ಯೆ ಓದಿಸುತ್ತೇವೆ. ಮಗು ಆರಿಸಿದ ಐದರಲ್ಲಿ ನಾಲ್ಕು ಸರಿ ಇದ್ದರೆ ಅದೇ ಅದರ ಮಟ್ಟ, ಇಲ್ಲದಿದ್ದರೆ 1ರಿಂದ 9ಕ್ಕೆ. ಅಲ್ಲಿಯೂ ಐದಕ್ಕೆ ನಾಲ್ಕು. ಹೀಗೆ ನಡುವಿನಿಂದ ಹತ್ತುವುದು ಅಥವಾ ಇಳಿಯುವುದರಿಂದ ಗೊತ್ತಿರುವ ಮಗುವಿಗೆ ಬೇಸರ ಬರುವುದಿಲ್ಲ, ಗೊತ್ತಿಲ್ಲದ ಮಗು ಸಾಲಾಗಿ ಸೋಲುವುದಿಲ್ಲ.

ಮಗು ತಾನೇ ಲೆಕ್ಕ ಆರಿಸಿಕೊಳ್ಳುವುದನ್ನು ಅನೇಕರು ಉಪಚಾರದ ಮಾತು ಅಂದುಕೊಂಡು ಬಿಟ್ಟುಬಿಡುತ್ತಾರೆ. ಬಿಡಬಾರದು. ಹೊಸ ಶಾಲೆ, ಹೊಸ ಮೇಷ್ಟ್ರು, ಎದುರಿಗೆ ಲೆಕ್ಕ. ಬೆರಳಿಟ್ಟು ‘ಇದು ಮಾಡ್ತೀನಿ ಸರ್’ ಎಂದು ಹೇಳಿದ ಕ್ಷಣಕ್ಕೆ ಮಗುವಿನ ಭುಜ ಸ್ವಲ್ಪ ಸಡಿಲವಾಗುತ್ತದೆ. ಮೇಲಾಗಿ ಯಾವುದನ್ನು ಆರಿಸಿತು ಎಂಬುದೂ ಸುದ್ದಿಯೇ. ಮೇಲಿನ ಸಂಖ್ಯೆಯ ಬಿಡಿ ಸ್ಥಾನದಲ್ಲಿ ಸೊನ್ನೆ ಇರುವ ಲೆಕ್ಕವನ್ನು ಹೆಚ್ಚಿನ ಮಕ್ಕಳು ದೂರ ಇಡುತ್ತಾರೆ. ಎರಡನೆಯದನ್ನು ನೀವು ತೋರಿಸುವಾಗ ಅದನ್ನೇ ತೋರಿಸಿ.

ಎಲ್ಲಿ ಕೂರಿಸುತ್ತೀರಿ ಎಂಬುದೂ ಮುಖ್ಯ. ತರಗತಿಯ ಮುಂದಿನ ಮೇಜು ಇದಕ್ಕೆ ಅತಿ ಕೆಟ್ಟ ಜಾಗ. ವರಾಂಡದಲ್ಲಿ, ಬಾಗಿಲಿನಿಂದ ತರಗತಿ ಕಾಣುವಂತೆ, ಆದರೆ ತರಗತಿಗೆ ಮಾತು ಕೇಳದಷ್ಟು ದೂರದಲ್ಲಿ ಎರಡು ಕುರ್ಚಿ ಹಾಕಿ. ಮಗು ಎದುರಿಗಲ್ಲ, ಪಕ್ಕಕ್ಕೆ ಕೂರಲಿ. ಪಕ್ಕಕ್ಕೆ ಕೂತರೆ ಪೆನ್ಸಿಲು ಮೊದಲು ಎಲ್ಲಿ ಇಳಿಯಿತು, ಎಡಗಡೆಯೋ ಬಲಗಡೆಯೋ ಎಂಬುದು ಕಾಣುತ್ತದೆ. ಪೆನ್ಸಿಲ್ಲೇ ಕೊಡಿ, ಅಳಿಸುವ ರಬ್ಬರು ಬೇಡ. ಹೊಡೆದುಹಾಕಿ ಪಕ್ಕದಲ್ಲಿ ಬರೆಯಲು ಹೇಳಿ. ಅಳಿಸಿದ ಉತ್ತರದ ಜೊತೆ ಅದರ ಕಾರಣವೂ ಹೋಗಿಬಿಡುತ್ತದೆ.

ಸಮಯದ ಲೆಕ್ಕ ಹೀಗಿದೆ. ಸರಾಸರಿ ಒಂದು ಮಗುವಿಗೆ 4 ನಿಮಿಷ. 40 ಮಕ್ಕಳಿಗೆ 160 ನಿಮಿಷ, ಅಂದರೆ 40 ನಿಮಿಷದ ನಾಲ್ಕು ಪೀರಿಯಡ್. ಒಂದು ವಾರದ ಗಣಿತ ಬಹುಪಾಲು ಇದಕ್ಕೇ ಹೋಗುತ್ತದೆ. ಒಬ್ಬರೇ ಗಣಿತ ಶಿಕ್ಷಕರಿರುವ ಶಾಲೆಯಲ್ಲಿ ಇದು ಹಾಳೆಯ ದೊಡ್ಡ ಅನನುಕೂಲ. ಅದಕ್ಕೆ ಇರುವ ಒಂದು ಉಪಾಯವೆಂದರೆ ಸೇತುಬಂಧದ (ವರ್ಷದ ಆರಂಭದಲ್ಲಿ ಹಿಂದಿನ ತರಗತಿಗಳ ಕೊರತೆ ತುಂಬುವ ಕಾರ್ಯಕ್ರಮದ) ಪೂರ್ವ ಪರೀಕ್ಷೆಯನ್ನು ಮೊದಲು ಇಡೀ ತರಗತಿಗೆ ಬರೆಸಿ, ಅದರಲ್ಲಿ ಬುನಾದಿ ಪ್ರಶ್ನೆಗಳಲ್ಲೇ ಎಡವಿದವರನ್ನೂ ಉತ್ತರ ಮಾತ್ರ ಬರೆದು ಕ್ರಮ ಬಿಟ್ಟವರನ್ನೂ ಮಾತ್ರ ವರಾಂಡಕ್ಕೆ ಕರೆಯುವುದು. ‘ಉತ್ತರ ಮಾತ್ರ’ದವರನ್ನು ಮರೆಯಬೇಡಿ. ಒಂದೇ ಬೆಂಚಿನ ಮೂವರೂ ಒಂದೇ ತಪ್ಪು ಉತ್ತರ ಬರೆದಿದ್ದರೆ ಅದು ಮೂವರ ತಪ್ಪಲ್ಲ, ಒಬ್ಬನದ್ದು.

ಸಂಖ್ಯೆ ಓದಿಸುವಾಗ ಭಾಷೆಯ ವಿಷಯದಲ್ಲಿ ಕೈ ಸಡಿಲ ಬಿಡಿ. ಇಂಗ್ಲಿಷ್ ಮಾಧ್ಯಮದಿಂದ ಬಂದ ಮಗುವಿಗೆ ‘ನೈಂಟಿ ತ್ರೀ’ ಗೊತ್ತು, ‘ತೊಂಬತ್ತಮೂರು’ ಗೊತ್ತಿಲ್ಲ. ಅದು ಸರಿ ಉತ್ತರವೇ. ಉರ್ದು, ಮರಾಠಿ ಮನೆಮಾತಿನ ಮಕ್ಕಳು ಬಿಡಿಯನ್ನು ಮೊದಲು, ಹತ್ತನ್ನು ಆಮೇಲೆ ಹೇಳುವ ಭಾಷೆಯಲ್ಲಿ ಎಣಿಸುತ್ತಾರೆ. ಬೆಳಗಾವಿ, ಕಲಬುರಗಿ ಕಡೆಯ ತರಗತಿಗಳಲ್ಲಿ ಇದು ದಿನನಿತ್ಯದ ಸಂಗತಿ. ಅವರು ತಮ್ಮ ಭಾಷೆಯಲ್ಲೇ ಓದಲಿ. 47 ಎಂದು ಹೇಳಿ 74 ಎಂದು ಬರೆದರೆ ಮಾತ್ರ ಗುರುತು ಹಾಕಿಕೊಳ್ಳಿ. ಇನ್ನು ಕನ್ನಡದ ಮಕ್ಕಳೇ ಎಪ್ಪತ್ತು, ಎಂಬತ್ತು, ತೊಂಬತ್ತುಗಳನ್ನು ಅದಲುಬದಲು ಮಾಡುತ್ತಾರೆ. ಅಂಥ ಮಗುವಿಗೆ ‘79 ಆದ ಮೇಲೆ ಯಾವುದು, ಬರೆದು ತೋರಿಸು’ ಎಂದರೆ 80 ಎಂದು ಸರಿಯಾಗಿ ಬರೆದರೆ ಕೊರತೆ ಹೆಸರಿನದ್ದು, ಸಂಖ್ಯೆಯದ್ದಲ್ಲ. ಹಾಳೆಯ ನಿಯಮದ ಪ್ರಕಾರ ಎರಡೂ ಒಂದೇ ತಪ್ಪು. ಕಲಿಸುವವರಿಗೆ ಎರಡೂ ಬೇರೆ.

ಹಾಳೆಯ ಮಿತಿ ಕಾಣಲು ಶುರುವಾಗುವುದು ಇಲ್ಲಿಂದ. ಸಮೀಕ್ಷೆಗೆ ಮಟ್ಟ ಗೊತ್ತಾದರೆ ಸಾಕು, ‘ಕಳೆಯುವುದು ಬರುವುದಿಲ್ಲ’ ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋಗಬಹುದು. ಶಿಕ್ಷಕರು ನಾಳೆಯೂ ಅದೇ ಮಗುವಿನ ಮುಂದೆ ನಿಲ್ಲಬೇಕು. ಏಕೆ ಬರುವುದಿಲ್ಲ ಎಂಬುದು ಹಾಳೆಯ ಕಂಬಗಳಲ್ಲಿ ಸಿಗದು. ಮಗು ಬಿಡಿ ಕಾಗದದಲ್ಲಿ ಬರೆದ ತಪ್ಪು ಉತ್ತರದಲ್ಲಿ ಸಿಗುತ್ತದೆ. ಆ ಕಾಗದವನ್ನು ಕಸದ ಬುಟ್ಟಿಗೆ ಹಾಕುವವರು ಈ ಪರೀಕ್ಷೆಯ ಅರ್ಧಕ್ಕಿಂತ ಹೆಚ್ಚು ಬೆಲೆಯನ್ನು ಬಿಸಾಡಿದಂತೆ.

ಹಾಳೆಯ ಮಾದರಿಯದೇ ಒಂದು ಲೆಕ್ಕ ತೆಗೆದುಕೊಳ್ಳಿ: 41ರಲ್ಲಿ 13 ಕಳೆ. ಸರಿ ಉತ್ತರ 28. 32 ಎಂದು ಬರೆದ ಮಗು 1ರಲ್ಲಿ 3 ಹೋಗುವುದಿಲ್ಲ ಎಂದು 3ರಲ್ಲಿ 1 ಕಳೆದಿದೆ. ಬಿಡಿ, ಹತ್ತರ ಕಂಬಗಳನ್ನು ಬೇರೆ ಬೇರೆ ಲೆಕ್ಕವಾಗಿ ನೋಡುತ್ತಿದೆ, 41 ಎಂಬ ಇಡೀ ಸಂಖ್ಯೆ ಅದರ ತಲೆಯಲ್ಲಿ ಇಲ್ಲ. 38 ಎಂದು ಬರೆದ ಮಗುವಿಗೆ ದಶಕ ತೆಗೆದುಕೊಳ್ಳಬೇಕೆಂದು ಗೊತ್ತು, 11ರಲ್ಲಿ 3 ಕಳೆದು 8 ಬರೆದಿದೆ, ಆದರೆ ಪಕ್ಕದ 4ನ್ನು 3 ಮಾಡಲು ಮರೆತಿದೆ. 54 ಬರೆದ ಮಗು ಕೂಡಿದೆ. ಅದನ್ನು ‘ಚಿಹ್ನೆ ಏನು’ ಎಂದು ಮೊದಲೇ ಕೇಳಿದ್ದರೆ ಹಿಡಿಯಬಹುದಿತ್ತು. ಸೊನ್ನೆ ಇರುವ 60 ಕಳೆ 24ರಲ್ಲಿ ಇನ್ನಷ್ಟು ತಿಳಿಯುತ್ತದೆ. ಸರಿ ಉತ್ತರ 36. 44 ಬಂದರೆ 4ರಲ್ಲಿ 0 ಕಳೆದಿದೆ. 40 ಬಂದರೆ ‘ಸೊನ್ನೆಯಲ್ಲಿ ಏನೂ ಹೋಗಲ್ಲ, ಸೊನ್ನೆಯೇ’ ಎಂಬ ವಾದ. 46 ಬಂದರೆ ದಶಕ ತಂದಿದೆ, ಪಕ್ಕದ 6ನ್ನು 5 ಮಾಡಿಲ್ಲ. ಇವರೆಲ್ಲರಿಗೂ ‘ಸಾಲ ತಗೊಳ್ಳೋದು’ ಮತ್ತೆ ಮೊದಲಿನಿಂದ ಹೇಳಿಕೊಡುವುದು ನಮ್ಮಲ್ಲಿ ರೂಢಿ. ಅದು ನಿಜವಾಗಿ ಬೇಕಿರುವುದು ಒಬ್ಬಿಬ್ಬರಿಗೆ.

38 ಮತ್ತು 32ರ ಮಕ್ಕಳನ್ನು ಬೇರ್ಪಡಿಸಲು ಎರಡು ನಿಮಿಷದ ಇನ್ನೊಂದು ಕೆಲಸ ಇದೆ, ಇದು ಹಾಳೆಯಲ್ಲಿಲ್ಲ. ನಾಲ್ಕು ಹತ್ತು ರೂಪಾಯಿ ನೋಟು, ಒಂದು ರೂಪಾಯಿಯ ಒಂದೇ ನಾಣ್ಯ ಮಗುವಿನ ಕೈಗೆ ಕೊಡಿ. ಪಕ್ಕದಲ್ಲಿ ಹತ್ತು ಒಂದು ರೂಪಾಯಿ ನಾಣ್ಯಗಳ ಗುಡ್ಡೆ ಇರಲಿ. ‘ನನಗೆ 13 ರೂಪಾಯಿ ಕೊಡು’ ಎನ್ನಿ. ಒಂದು ನೋಟು ಇಟ್ಟು, ಇನ್ನೊಂದನ್ನು ಚಿಲ್ಲರೆ ಮಾಡಿಸಿ, ಮೂರು ಎಣಿಸಿ ಕೊಟ್ಟರೆ ಮಗುವಿಗೆ ದಶಕ ಒಡೆಯುವುದು ಗೊತ್ತಿದೆ. ಕಾಗದದ ಮೇಲಿನ ಬರವಣಿಗೆಗೆ ಅದನ್ನು ಜೋಡಿಸಿದರೆ ಮುಗಿಯಿತು. ನೋಟು ಹಿಡಿದು ಸುಮ್ಮನೆ ಮುಖ ನೋಡಿದರೆ, ಅಥವಾ ಒಂದು ನೋಟು ಒಂದು ನಾಣ್ಯ ಕೊಟ್ಟು ‘ಇನ್ನೆರಡು ಇಲ್ಲ ಸರ್’ ಎಂದರೆ, ಕಡ್ಡಿ ಕಟ್ಟುಗಳಿಂದಲೇ ಶುರು ಮಾಡಬೇಕು. ಪೊರಕೆ ಕಡ್ಡಿ ಹತ್ತತ್ತರ ಕಟ್ಟು ಮತ್ತು ರಬ್ಬರ್ ಬ್ಯಾಂಡ್ ಸಾಕು.

ಭಾಗಾಕಾರದಲ್ಲಿ ನೋಡಬೇಕಾದ್ದು ಬೇರೆ. 617 ಭಾಗಿಸು 3. ಸರಿ ಉತ್ತರ 205, ಶೇಷ 2. 25, ಶೇಷ 2 ಎಂದು ಬರೆದವರು ತರಗತಿಗೆ ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. 1ರಲ್ಲಿ 3 ಹೋಗುವುದಿಲ್ಲ ಎಂದು ಸೊನ್ನೆ ಬರೆಯದೆ 7ನ್ನು ಕೆಳಗಿಳಿಸಿದ್ದಾರೆ. ಇವರಿಗೆ ಭಾಗಾಕಾರ ಹೇಳಿಕೊಡಬೇಕಿಲ್ಲ. ‘600 ರೂಪಾಯಿ ಮೂವರಿಗೆ ಹಂಚಿದರೆ ತಲಾ ಎಷ್ಟು?’ ಎಂದು ಕೇಳಿ, 25ರ ಪಕ್ಕದಲ್ಲಿ 200 ಇಟ್ಟರೆ ತಾವೇ ತಲೆ ಕೆರೆದುಕೊಳ್ಳುತ್ತಾರೆ. 824 ಭಾಗಿಸು 6ರಲ್ಲಿ (137, ಶೇಷ 2) 22ಕ್ಕೆ ‘ಆರೆರಡ್ಲೆ ಹನ್ನೆರಡು’ ಎಂದು ನಿಲ್ಲಿಸಿ, 10 ಉಳಿಸಿಕೊಂಡು, 4 ಇಳಿಸಿ 104ರ ಮುಂದೆ ಗರ ಬಡಿದಂತೆ ಕೂರುವವರಿಗೆ ಕೊರತೆ ಮಗ್ಗಿಯದ್ದು. ಕಾಗದದ ಅಂಚಿನಲ್ಲಿ 6ರ ಮಗ್ಗಿಯನ್ನು ಪೂರ್ತಿ ಬರೆದುಕೊಂಡು ನಿಧಾನಕ್ಕೆ ಸರಿ ಉತ್ತರ ತರುವ ಹುಡುಗಿ ಹಾಳೆಯ ಪ್ರಕಾರ ‘ಭಾಗಾಕಾರ’ ಮಟ್ಟ. ಅದು ಸರಿಯೇ, ಆದರೆ ಬೀಜಗಣಿತದಲ್ಲಿ ಅಪವರ್ತನ ಬಂದ ದಿನ ಅವಳು ಹಿಂದೆ ಬೀಳುತ್ತಾಳೆ. ಪಕ್ಕದಲ್ಲಿ ‘ಮಗ್ಗಿ ಬರೆದು ಮಾಡಿದಳು’ ಎಂದು ಮೂರು ಪದ ಬರೆದಿಟ್ಟುಕೊಳ್ಳಿ.

ಗುಣಾಕಾರಕ್ಕೆ ಹಾಳೆಯಲ್ಲಿ ಕಂಬವೇ ಇಲ್ಲ. ಕೂಡುವುದಕ್ಕೂ ಇಲ್ಲ. 99ರ ಮೇಲಿನ ಸಂಖ್ಯೆ ಓದಿಸುವುದೂ ಇಲ್ಲ. ಮೂರನೆಯದು ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಭಾಗಾಕಾರ ಮಾಡಿ ತೋರಿಸಿದ ಮಗುವೇ ಸ್ಥಾನಬೆಲೆಯಲ್ಲಿ ಜಾರಬಹುದು. ಬಾಯಿಂದ ಹೇಳಿ ಬರೆಸಿ ನೋಡಿ: ‘ನಾನೂರ ಏಳು’, ‘ಮೂರು ಸಾವಿರದ ಆರು’. 4007, 30006 ಎಂದು ಕೇಳಿದಂತೆಯೇ ಜೋಡಿಸಿ ಬರೆದವರು, 306 ಎಂದು ಸೊನ್ನೆ ನುಂಗಿದವರು ಇಬ್ಬರೂ 7ನೇ ತರಗತಿಯ ಆಚೆಗೂ ಸಿಗುತ್ತಾರೆ. ಅರ್ಧ ನಿಮಿಷದ ಕೆಲಸ, ಹಾಳೆಯ ಜೊತೆಗೇ ಮಾಡಿ ಮುಗಿಸಬಹುದು.

8ನೇ ತರಗತಿಯಲ್ಲಿ ಭಾಗಾಕಾರ ದಾಟಿದ ಮಕ್ಕಳ ಬಗ್ಗೆ ಹಾಳೆ ಬಾಯಿ ಮುಚ್ಚುತ್ತದೆ. ಅವರಿಗಾಗಿ ಒಂದು ಅರ್ಧ ಪುಟವನ್ನು ನೀವೇ ಮಾಡಿಕೊಳ್ಳಬೇಕು. ಪ್ರಶ್ನೆ ಕಡಿಮೆ ಇರಲಿ, ಪ್ರತಿ ಪ್ರಶ್ನೆಯ ತಪ್ಪು ಉತ್ತರವೂ ಒಂದೊಂದು ಕಾರಣ ಹೇಳುವಂತಿರಲಿ. 1/2 + 1/3ಕ್ಕೆ 2/5 ಎಂದರೆ ಭಿನ್ನರಾಶಿಯನ್ನು ಮೇಲೊಂದು ಕೆಳಗೊಂದು ಬೇರೆ ಸಂಖ್ಯೆಗಳೆಂದು ತಿಳಿದಿದೆ. ದಶಮಾಂಶದಲ್ಲಿ 0.35, 0.4 ಇವುಗಳಲ್ಲಿ ದೊಡ್ಡದು ಯಾವುದು ಎಂಬ ಒಂದೇ ಪ್ರಶ್ನೆ ಸಾಲದು. ‘35 ದೊಡ್ಡದು’ ಎನ್ನುವ ಮಗು ಸಿಕ್ಕಿಬೀಳುತ್ತದೆ, ಆದರೆ ‘ಉದ್ದ ಇದ್ದರೆ ಚಿಕ್ಕದು’ ಎಂದು ತಪ್ಪಾಗಿ ನಂಬಿದ ಮಗು ಸರಿ ಉತ್ತರ ಕೊಟ್ಟು ಪಾರಾಗುತ್ತದೆ. ಅದಕ್ಕೆ 0.62, 0.5 ಎಂಬ ಎರಡನೇ ಜೊತೆ ಬೇಕು. −7 − 2ಕ್ಕೆ 9 ಬಂದರೆ ‘ಎರಡು ಮೈನಸ್ ಸೇರಿದರೆ ಪ್ಲಸ್’ ಎಂಬ ಬಾಯಿಪಾಠ ತಪ್ಪು ಜಾಗದಲ್ಲಿ ಕೆಲಸ ಮಾಡಿದೆ. −5 ಬಂದರೆ 7ರಲ್ಲಿ 2 ಕಳೆದು ಚಿಹ್ನೆ ಅಂಟಿಸಿದೆ.

8 + 4 = □ + 5 ಎಂಬುದನ್ನು ಮಾತ್ರ ಬಿಡಲೇಬೇಡಿ. ನೋಡಲು 2ನೇ ತರಗತಿಯ ಲೆಕ್ಕ, ಬೀಜಗಣಿತದ ಬಾಗಿಲು ಇರುವುದು ಇಲ್ಲೇ. ಚೌಕದಲ್ಲಿ 12 ಬರೆದ ಮಗುವಿಗೆ ಸಮ ಚಿಹ್ನೆ ಎಂದರೆ ‘ಉತ್ತರ ಇಲ್ಲಿ ಬರೆ’ ಎಂಬ ಸೂಚನೆ. 17 ಬರೆದದ್ದು ಕಂಡದ್ದನ್ನೆಲ್ಲ ಕೂಡಿದೆ. 7 ಬರೆದ ಮಗುವಿಗೆ ಮಾತ್ರ ಸಮೀಕರಣ ಎಂದರೆ ಎರಡು ಕಡೆಯೂ ಸಮ ಎಂಬುದು ಗೊತ್ತಿದೆ. 2x + 3 = 11ನ್ನು ‘3 ಆ ಕಡೆ ಹೋದರೆ ಮೈನಸ್’ ಎಂದು ಯಾಂತ್ರಿಕವಾಗಿ ಮಾಡಿ 4 ತರುವ ಮಕ್ಕಳಲ್ಲೂ ಈ ಚೌಕದಲ್ಲಿ 12 ಬರೆಯುವವರು ಸಿಗುತ್ತಾರೆ.

ಒಂದು ಆಯತ ಬರೆದು 6 ಸೆಂ.ಮೀ., 4 ಸೆಂ.ಮೀ. ಎಂದು ಗುರುತಿಸಿ ವಿಸ್ತೀರ್ಣ ಕೇಳಿ. 24 ಸರಿ, 20 ಬಂದರೆ ಸುತ್ತಳತೆ, 10 ಬಂದರೆ ಬರೆದಿದ್ದ ಎರಡನ್ನೇ ಕೂಡಿದ್ದು. ಅಳತೆಗಳನ್ನು ಹೀಗೆ ಆರಿಸಿ, ಮೂರು ಉತ್ತರವೂ ಬೇರೆ ಬೇರೆ ಬರಬೇಕು. 4 ಮತ್ತು 4 ಎಂದು ಕೊಟ್ಟರೆ ವಿಸ್ತೀರ್ಣವೂ 16, ಸುತ್ತಳತೆಯೂ 16, ಏನೂ ತಿಳಿಯದು. ಕೊನೆಗೆ ಬಾಯಿಲೆಕ್ಕ ಒಂದು: ಪೆನ್ನಿಗೆ 8 ರೂಪಾಯಿ, ಕೈಯಲ್ಲಿ 50 ರೂಪಾಯಿ, ಎಷ್ಟು ಪೆನ್ನು ಬರುತ್ತದೆ, ಎಷ್ಟು ಉಳಿಯುತ್ತದೆ? ಸಂತೆಯಲ್ಲಿ ಅಪ್ಪನ ಜೊತೆ ತರಕಾರಿ ಮಾರುವ ಹುಡುಗ ಕಾಗದದ ಭಾಗಾಕಾರದಲ್ಲಿ ಮುಗ್ಗರಿಸಿ, ಇದಕ್ಕೆ ಮಾತ್ರ ‘ಆರು ಪೆನ್ನು, ಎರಡು ರೂಪಾಯಿ’ ಎಂದು ತಟ್ಟನೆ ಹೇಳುವುದುಂಟು. ಅಂಕಗಳಲ್ಲಿ ಹೊಳೆಯುವ ಹುಡುಗಿ 6.25 ಪೆನ್ನು ಎಂದು ಬರೆಯುವುದೂ ಉಂಟು. ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ.

ಇನ್ನು ಇದರ ಎದುರಾಳಿಗಳು. ಸೇತುಬಂಧದ ಪೂರ್ವ ಪರೀಕ್ಷೆ ಹೇಗಿದ್ದರೂ ಮಾಡಲೇಬೇಕಾದ್ದು. ಅದರ ಬಲ ಇರುವುದು ಆಯಾ ತರಗತಿಯ ಪಠ್ಯಕ್ಕೆ ಬೇಕಾದ ಸಾಮರ್ಥ್ಯಗಳನ್ನು ಪಟ್ಟಿ ಮಾಡಿ, ಅದಕ್ಕೆ ತಕ್ಕಂತೆ ಪ್ರಶ್ನೆ ಕೇಳುವುದರಲ್ಲಿ. 8ರ ಮಕ್ಕಳಿಗೆ ರೇಖಾಗಣಿತವನ್ನೂ ಮುಟ್ಟುತ್ತದೆ, ಅಸರ್ ಹಾಳೆ ಮುಟ್ಟುವುದಿಲ್ಲ. ದೌರ್ಬಲ್ಯ ಅದು ಬರವಣಿಗೆಯ ಪರೀಕ್ಷೆ ಎಂಬುದು. ಪ್ರಶ್ನೆ ಓದಲು ಬಾರದ ಮಗು ಗಣಿತ ಬಾರದ ಮಗುವಾಗಿ ಕಾಣುತ್ತದೆ. ಸಾಮರ್ಥ್ಯವಾರು ನಮೂನೆ ತುಂಬುವ ಅವಸರದಲ್ಲಿ ಸರಿ-ತಪ್ಪು ಗುರುತು ಮಾತ್ರ ಉಳಿದು, ತಪ್ಪಿನ ರೂಪ ಕಳೆದುಹೋಗುತ್ತದೆ. ಪೂರ್ವ ಪರೀಕ್ಷೆ ಕಾಟಾಚಾರಕ್ಕೆ ಮುಗಿದರೆ ಕೊನೆಯ ಸಾಫಲ್ಯ ಪರೀಕ್ಷೆಯಲ್ಲಿ ಎಲ್ಲರೂ ‘ಸಾಧಿಸಿದ್ದಾರೆ’ ಎಂದು ಬರುವುದೂ ಹಾಗೆಯೇ. ಪೂರ್ವ ಪರೀಕ್ಷೆ, ಅಸರ್ ಹಾಳೆ ಇವೆರಡನ್ನೂ ಒಂದರ ಬದಲು ಇನ್ನೊಂದು ಎಂದು ನೋಡುವುದಕ್ಕಿಂತ ಒಂದಾದ ಮೇಲೆ ಒಂದು ಎಂದು ಬಳಸುವುದು ಮೇಲು.

ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಕಿಟ್ ಸರ್ಕಾರಿ ಪ್ರಾಥಮಿಕ ಶಾಲೆಗಳ 4, 5ನೇ ತರಗತಿಗೆಂದು ಬಂದದ್ದು. ಹತ್ತರ ಬ್ಲಾಕ್, ಮಣಿಚೌಕಟ್ಟು, ಭಿನ್ನರಾಶಿ ಪಟ್ಟಿ, ಆಟದ ನೋಟು, ಗಡಿಯಾರ ಎಲ್ಲ ಅದರಲ್ಲಿವೆ. ಮಟ್ಟ ಅಳೆಯಲು ಅದು ಹೇಳಿ ಮಾಡಿಸಿದ್ದಲ್ಲ. ಆದರೆ ಮೇಲೆ ಹೇಳಿದ ನೋಟು-ಚಿಲ್ಲರೆ ಪರೀಕ್ಷೆಗೆ, 1/2 ಮತ್ತು 1/3 ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು 2/5 ಎಂದವರ ಕಣ್ಣು ತೆರೆಸುವುದಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. 2/5 ಅರ್ಧಕ್ಕಿಂತಲೂ ಚಿಕ್ಕದು, ಕೂಡಿದ ಮೇಲೆ ಚಿಕ್ಕದಾಗುವುದು ಹೇಗೆ ಎಂದು ಪಟ್ಟಿಯೇ ಕೇಳುತ್ತದೆ. ಹೈಸ್ಕೂಲಿನವರು ಪಕ್ಕದ ಪ್ರಾಥಮಿಕ ಶಾಲೆಯ ಬೀರು ತೆಗೆಸಿ ನೋಡಿ, ಒಂದು ವಾರಕ್ಕೆ ಎರವಲು ತರಬಹುದು. ಅಕ್ಷರ ಫೌಂಡೇಶನ್ನಿನದೇ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಉಚಿತ, ಅಭ್ಯಾಸಕ್ಕೆ ಚೆನ್ನಾಗಿದೆ. ಮೊದಲ ವಾರದ ಪರಿಚಯಕ್ಕೆ ಮಾತ್ರ ಆ್ಯಪುಗಳು ಒದಗುವುದು ಕಡಿಮೆ. ಮಗು ಉತ್ತರ ಒತ್ತುವುದು ಕಾಣುತ್ತದೆ, ಬೆರಳು ಮಡಿಸಿ ಎಣಿಸಿದ್ದು ಕಾಣುವುದಿಲ್ಲ.

ಅಂತರ್ಜಾಲದಲ್ಲಿ ರಾಶಿ ಬಿದ್ದಿರುವ ‘ನನ್ನ ಪರಿಚಯ’ ಹಾಳೆಗಳಲ್ಲಿ ಗಣಿತ ಶಿಕ್ಷಕರಿಗೆ ಒಪ್ಪುವುದು ಒಂದೇ ಬಗೆ: ‘ನನ್ನ ಸಂಖ್ಯೆಗಳು’. ಮಗು ತನ್ನ ಬಗ್ಗೆ ಐದು ಸಂಖ್ಯೆ ಬರೆಯುತ್ತದೆ, ಪಕ್ಕದವರು ಯಾವುದು ಏನೆಂದು ಊಹಿಸುತ್ತಾರೆ. ವರಾಂಡದಲ್ಲಿ ನೀವು ಒಬ್ಬೊಬ್ಬರನ್ನು ಕರೆಯುವಾಗ ಉಳಿದ ತರಗತಿಗೆ ಕೊಡಲು ಇದೇ ಸರಿಯಾದ ಕೆಲಸ. ಆದರೆ ಸಿದ್ಧ ಹಾಳೆಗಳಲ್ಲಿ ‘ನಿಮ್ಮ ಮನೆಯಲ್ಲಿ ಎಷ್ಟು ಕೋಣೆ’, ‘ಎಷ್ಟು ಊರಿಗೆ ಪ್ರವಾಸ ಹೋಗಿದ್ದೀರಿ’ ಎಂಬಂಥವು ಇರುತ್ತವೆ. ಹಾಸ್ಟೆಲಿನ ಮಕ್ಕಳು, ಅಜ್ಜಿ ಮನೆಯಲ್ಲಿರುವ ಮಕ್ಕಳು ಇರುವ ತರಗತಿಯಲ್ಲಿ ಅವು ಬೇಡ. ಚಪ್ಪಲಿಯ ಅಳತೆ, ಶಾಲೆಗೆ ಬರಲು ಹಿಡಿಯುವ ನಿಮಿಷ, ಬಸ್ಸಿನ ಟಿಕೆಟ್ ದರ, ಇಷ್ಟದ ಆಟಗಾರನ ಜೆರ್ಸಿ ಸಂಖ್ಯೆ ಸಾಕು. ನಿಮಿಷದ ಉತ್ತರಕ್ಕೆ ಇನ್ನೊಂದು ಉಪಯೋಗವಿದೆ. ಒಂದೂಕಾಲು ಗಂಟೆ ಬಸ್ಸಿನಲ್ಲಿ ಬರುವ ಹುಡುಗಿಗೆ ಸಂಜೆಯ ವಿಶೇಷ ತರಗತಿ ಇಡುವಂತಿಲ್ಲ ಎಂದು ಜೂನಿನಲ್ಲೇ ಗೊತ್ತಾಗುತ್ತದೆ. ‘ಗಣಿತ ಇಷ್ಟವೇ?’ ಎಂಬ ಪ್ರಶ್ನೆಯನ್ನು ಹೊಸ ಮೇಷ್ಟ್ರು ಕೇಳಿದರೆ ಎಲ್ಲರೂ ಇಷ್ಟ ಎಂದೇ ಬರೆಯುತ್ತಾರೆ. ‘ಯಾವ ಪಾಠದಲ್ಲಿ ಅರ್ಥವಾಗುವುದು ನಿಂತುಹೋಯಿತು?’ ಎಂದು ಕೇಳಿ. ‘ಭಿನ್ನರಾಶಿ’ ಎಂಬ ಉತ್ತರ ಎಷ್ಟು ಬಾರಿ ಬರುತ್ತದೆ ಎಂದು ಎಣಿಸಿಕೊಳ್ಳಿ.

ದಾಖಲೆಗೆ 200 ಪುಟದ ಒಂದು ನೋಟ್‌ಬುಕ್ ಸಾಕು, ಮಗುವಿಗೆ ಒಂದು ಪುಟ. ಮಟ್ಟ, ತಪ್ಪು ಉತ್ತರ ಇದ್ದ ಹಾಗೆಯೇ, ಮಾಡಿದ ಬಗೆ (ಬೆರಳು, ಗೀಟು, ಮಗ್ಗಿ), ಓದಿದ ಭಾಷೆ. ಬಿಡಿ ಕಾಗದವನ್ನು ಅದೇ ಪುಟಕ್ಕೆ ಪಿನ್ ಮಾಡಿ. ಮಟ್ಟವನ್ನು ಗೋಡೆಗೆ ಅಂಟಿಸಬೇಡಿ, ಅದರ ಪ್ರಕಾರ ಬೆಂಚು ಹಂಚಬೇಡಿ. ‘1ರಿಂದ 9’ ಎಂಬ ಗುಂಪಿಗೆ ಸೇರಿದ 13 ವರ್ಷದ ಹುಡುಗ ಎರಡನೇ ವಾರದಿಂದ ಶಾಲೆಗೆ ಬರುವುದು ಕಡಿಮೆ ಮಾಡುತ್ತಾನೆ. ಪರೀಕ್ಷೆ ಮಾಡುತ್ತಲೇ ಹೇಳಿಕೊಡಲು ಹೊರಡುವುದು ಇನ್ನೊಂದು ಸಾಮಾನ್ಯ ತಪ್ಪು. ‘ಇನ್ನೊಂದ್ಸಲ ನೋಡು’ ಎನ್ನುವ ದನಿಯಲ್ಲೇ ಉತ್ತರ ತಪ್ಪು ಎಂಬ ಸುಳಿವು ಇರುತ್ತದೆ. ನಿಯಮದಲ್ಲಿ ಇರುವಷ್ಟೇ ಅವಕಾಶ ಕೊಡಿ, ಮುಖದಲ್ಲಿ ಸರಿ-ತಪ್ಪು ಯಾವುದೂ ಕಾಣದಿರಲಿ.

ಈ ಹಾಳೆಗೆ ಸರಿಸಾಟಿ ಇಲ್ಲದ ಒಂದು ಸಂದರ್ಭವಿದೆ. ದಾಖಲಾತಿ ಜೂನಿನಲ್ಲಿ ಮುಗಿಯುವುದಿಲ್ಲ. ಜುಲೈಯಲ್ಲಿ, ಕೆಲವು ಕಡೆ ಆಗಸ್ಟಿನಲ್ಲೂ ಕೆಲಸಕ್ಕೆ ವಲಸೆ ಹೋಗಿ ಬಂದ ಮನೆಗಳ ಮಕ್ಕಳು ಸೇರುತ್ತಾರೆ. ಅಷ್ಟು ಹೊತ್ತಿಗೆ ಸೇತುಬಂಧ ಮುಗಿದು, ನಮೂನೆ ಕಳಿಸಿ, ಎರಡನೇ ಪಾಠ ನಡೆಯುತ್ತಿರುತ್ತದೆ. ಅಂಥ ಮಗುವಿಗಾಗಿ ಇಡೀ ಪೂರ್ವ ಪರೀಕ್ಷೆ ಮತ್ತೆ ನಡೆಸುವವರು ಯಾರೂ ಇಲ್ಲ. ಮೇಜಿನ ಖಾನೆಯಲ್ಲಿ ಲ್ಯಾಮಿನೇಟ್ ಆದ ಹಾಳೆ, ಪೆನ್ಸಿಲು, ನಾಲ್ಕು ನೋಟು, ಹನ್ನೊಂದು ನಾಣ್ಯ ಇದ್ದರೆ ಬಿಸಿಯೂಟಕ್ಕೆ ಮುಂಚಿನ ಐದು ನಿಮಿಷದಲ್ಲಿ ಆ ಮಗುವನ್ನು ಎಲ್ಲಿಂದ ಹಿಡಿಯಬೇಕು ಎಂಬುದು ತಿಳಿಯುತ್ತದೆ. ದಸರಾ ರಜೆ ಮುಗಿದ ವಾರ, ಕಳೆಯುವುದರಿಂದ ಕೆಳಗೆ ನಿಂತಿದ್ದವರನ್ನು ಮಾತ್ರ, ಬೇರೆ ಮಾದರಿಯ ಹಾಳೆಯಲ್ಲಿ ಇನ್ನೊಮ್ಮೆ ನೋಡಿ. ಜೂನಿನ ಕಾಗದ ಅದೇ ಪುಟದಲ್ಲಿ ಪಿನ್ ಆಗಿರುತ್ತದೆ, ಎರಡನ್ನೂ ಮಗುವಿಗೇ ತೋರಿಸಿ.